ಪಿಳ್ಳಾರೆಡ್ಡಿಯವರ ಕೈಯಲ್ಲಿದ್ದ ಕುದುರೆ

ಪಿಳ್ಳಾರೆಡ್ಡಿಯವರು ಚದುರಂಗ ಆಡುತ್ತಿರುವಾಗ ರೇಡಿಯೊದಲ್ಲಿ ವಾರ್ತೆ ಶುರುವಾಯಿತೆಂದರೆ ಎದುರಿಗೆ ಕೂತವನ ಗತಿ ದೇವರಿಗೇ ಪ್ರೀತಿ. ಆ ಗಳಿಗೆಯಲ್ಲಿ ಅವರ ಕೈಯಲ್ಲಿ ಯಾವ ಕಾಯಿ ಇರುತ್ತಿತ್ತೋ ಅದು ವಾರ್ತೆ ಮುಗಿಯುವವರೆಗೆ ಗಾಳಿಯಲ್ಲೇ ನಿಂತಿರುತ್ತಿತ್ತು. ಹೆಚ್ಚಾಗಿ ಅದು ಕುದುರೆಯೇ. ಎಡಗೈ ಕಿವಿಯ ಹಿಂದೆ, ಬಲಗೈಯಲ್ಲಿ ಕುದುರೆ, ಕಣ್ಣು ಗೋಡೆಯ ಹಲಗೆಯ ಮೇಲಿದ್ದ ರೇಡಿಯೊ ಕಡೆ. ಅದು ಯಾವ ಮನೆಗೆ ಇಳಿಯುತ್ತದೋ ಎಂದು ನಾವು ಬಾಯಿ ಬಿಟ್ಟುಕೊಂಡು ಕಾಯಬೇಕು. ಒಂದು ದಿನ ತಾಳಲಾರದೆ, "ಅದನ್ನ ಇಳಿಸಿ ಕೇಳಿ ಸಾರ್, ಕೈ ನೋಯಲ್ವಾ?" ಎಂದೆ. "ಸುಮ್ನಿರಯ್ಯಾ. ಅಲ್ಲಿ ಯುದ್ಧ ನಿಲ್ಲಿಸೋ ಮಾತಾಡ್ತಾವ್ರೆ, ನಿಂಗೆ ನಿನ್ನ ಕಾಲಾಳಿನ ಚಿಂತೆ" ಎಂದು ಗದರಿದರು.

ಅವರು ತಾಯಲೂರು ಕಡೆಯವರು. ಮುಳಬಾಗಿಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಅಂಗಡಿಯ ಮೇಲೊಂದು ಅಟ್ಟ, ಅಟ್ಟದ ಮೇಲೆ ನಮ್ಮ ಜಿಲ್ಲಾ ಚದುರಂಗ ಸಂಘ. ಜಾಗ ಅವರದಾದ್ದರಿಂದ ಅಧ್ಯಕ್ಷರೂ ಅವರೇ. ನಾನು ರೇಷ್ಮೆ ಇಲಾಖೆಯಲ್ಲಿ ಹಿಪ್ಪುನೇರಳೆ ತೋಟಗಳನ್ನು ಸುತ್ತುವ ಕೆಲಸದಲ್ಲಿದ್ದೆ. ಕಾಯಿಗಳ ನಡೆ ಗೊತ್ತಿತ್ತೇ ಹೊರತು ಆಟ ಬರುತ್ತಿರಲಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಆ ದುಂಡಗಿನ ಅಕ್ಷರದಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ರೆಡ್ಡಿಯವರು ಆಟ ಕಲಿತದ್ದು ರಷ್ಯಾದ ಪುಸ್ತಕಗಳಿಂದ. ಎಪ್ಪತ್ತರ ದಶಕದಲ್ಲಿ ಪುಸ್ತಕದ ವ್ಯಾನು ಊರೂರಿಗೆ ಬರುತ್ತಿತ್ತಲ್ಲ, ಅದರಲ್ಲಿ ರಷ್ಯಾದವು ಬಲು ಅಗ್ಗ. ನಾವೆಲ್ಲ ಆ ರಷ್ಯಾದವರ ಮಾಸಪತ್ರಿಕೆಯ ನುಣುಪು ಹಾಳೆ ಕಿತ್ತು ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದೆವು. ರೆಡ್ಡಿಯವರು ಅದನ್ನೇ ಕೂತು ಓದುತ್ತಿದ್ದರು. ಹಾಗಾಗಿ ಅವರಿಗೆ ಚದುರಂಗ ಎಂದರೆ ರಷ್ಯಾ, ರಷ್ಯಾ ಎಂದರೆ ಚದುರಂಗ. ಅವರ ಇನ್ನೊಂದು ಹಟವೆಂದರೆ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎನ್ನುವುದು. ಆಟದಲ್ಲಿ ಅದು ನಿಯಮ, ಸರಿ. ಈ ಮನುಷ್ಯ ಅದನ್ನು ಮನೆಗೂ ಅಂಗಡಿಗೂ ತಂದಿದ್ದರು. ಹೋಟೆಲಿನಲ್ಲಿ ಬಾಯಿ ತಪ್ಪಿ ಉಪ್ಪಿಟ್ಟು ಎಂದುಬಿಟ್ಟರೆ ಪಕ್ಕದಲ್ಲಿ ದೋಸೆ ಗಮಗಮ ಎನ್ನುತ್ತಿದ್ದರೂ ಉಪ್ಪಿಟ್ಟೇ ತಿಂದು ಏಳುತ್ತಿದ್ದರು. "ಮುಟ್ಟಿದ ಕಾಯಿ ಕಣಯ್ಯಾ" ಎಂಬುದೇ ಸಮಾಧಾನ.

ಇಡೀ ಜಿಲ್ಲೆಯಲ್ಲಿ ಅವರಿಗೆ ಸಮನಾಗಿ ಆಡುವವರು ಒಬ್ಬರೇ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ವಹಾಬ್ ಸಾಹೇಬರು. ಅಲ್ಲಿನ ಸಂಘಕ್ಕೆ ಅವರೇ ಹಿರಿಯರು. ಬುಧವಾರ ಬಂತೆಂದರೆ ಒಂದು ವಾರ ಇವರು ಅಲ್ಲಿಗೆ, ಇನ್ನೊಂದು ವಾರ ಅವರು ಇಲ್ಲಿಗೆ. ಇಬ್ಬರೂ ಆಡುವಾಗ ಮಾತೇ ಇಲ್ಲ. ಆಟ ಮುಗಿದ ಮೇಲೆ ಮಾತು ನಿಲ್ಲುತ್ತಿರಲಿಲ್ಲ, ಕೊನೆಯ ಬಸ್ಸು ಹಾರನ್ ಹೊಡೆಯುವವರೆಗೆ.

ಇಂಥ ಹೊತ್ತಿನಲ್ಲಿ ರಷ್ಯಾದವರು ಕಾಬೂಲಿಗೆ ಸೈನ್ಯ ನುಗ್ಗಿಸಿದರು. ಅಮೆರಿಕದವರು ಮಾಸ್ಕೋದ ಒಲಿಂಪಿಕ್ ಆಟಗಳಿಗೆ ನಾವು ಬರುವುದಿಲ್ಲ ಎಂದರು. ಇದೆಲ್ಲ ಎಲ್ಲೋ ನಡೆಯುವುದು, ನಮಗೇನು ಎಂದು ನಾನು ಹಾಯಾಗಿದ್ದೆ. ಆದರೆ ಆ ವರ್ಷ ರೆಡ್ಡಿಯವರು ಓಡಾಡಿ, ಬೆಂಗಳೂರಿನ ರಷ್ಯಾ ಸ್ನೇಹಿತರ ಕೂಟವೊಂದರಿಂದ ಜಿಲ್ಲಾ ಪಂದ್ಯಕ್ಕೆ ದೊಡ್ಡ ಬೆಳ್ಳಿ ಬಣ್ಣದ ಬಹುಮಾನದ ಕಪ್ಪು ತಂದಿದ್ದರು. ನಮ್ಮ ಅಟ್ಟದಲ್ಲಿ ಎಲ್ಲ ತಾಲ್ಲೂಕಿನವರ ಸಭೆ. ವಹಾಬ್ ಸಾಹೇಬರು ಕಪ್ಪನ್ನು ನೋಡಿದರು, ಎದ್ದು ನಿಂತರು.

"ರೆಡ್ಡಿಗಾರು, ಬೇರೆ ಏನಾದ್ರೂ ಇಡಿ, ನಮ್ಮ ಹುಡುಗರು ಬರ್ತಾರೆ. ಒಂದು ಹಿತ್ತಾಳೆ ಚೊಂಬು ಇಟ್ರೂ ಬರ್ತಾರೆ. ಈ ಕಪ್ಪಿಗೆ ಮಾತ್ರ ಬರಲ್ಲ."

"ಯಾಕ್ ಸಾಹೇಬ್ರೇ? ಏನಾಯ್ತು ಈ ಕಪ್ಪಿಗೆ?"

"ನಮ್ಮ ಅಬ್ಬಾ ಕಾಲದಲ್ಲಿ ಕಾಬೂಲಿಂದ ಹಿಂಗು, ಬಾದಾಮಿ ತರೋ ಖಾನ್ ಒಬ್ಬರು ನಮ್ಮನೇಲೇ ಇಳೀತಿದ್ರು. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಪೇಟೆ ತೋರಿಸ್ದೋರು. ಅವರ ಊರಲ್ಲಿ ಈಗ ಟ್ಯಾಂಕು ಓಡಾಡ್ತಾ ಇದೆ. ನಾನಿಲ್ಲಿ ಕೂತು ಈ ಕಪ್ಪಿಗೆ ಕಾಯಿ ನಡೆಸ್ಲಾ? ರಷ್ಯಾದೋರು ಕಾಬೂಲ್ ಬಿಡ್ಲಿ, ಅವತ್ತೇ ಬರ್ತೀನಿ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಕೃಷ್ಣಪ್ಪನವರಿಗೆ ಅಧ್ಯಕ್ಷರ ಕುರ್ಚಿಯ ಮೇಲೆ ಬಹಳ ದಿನದಿಂದ ಕಣ್ಣು. "ನಮ್ಮ ದೇಶವೇ ಮಾಸ್ಕೋಗೆ ಹೋಗ್ತಾ ಇದೆ, ಶ್ರೀನಿವಾಸಪುರ ಹೋಗಲ್ವಂತೆ! ಅಧ್ಯಕ್ಷರ ಮಾತಿಗೆ ಇಷ್ಟೇನಾ ಬೆಲೆ?" ಎಂದು ಮೆಲ್ಲಗೆ ಬತ್ತಿ ಇಟ್ಟರು. ರೆಡ್ಡಿಯವರ ಮುಖ ಕೆಂಪಗಾಯಿತು. "ಬರ್ಕೊಳಯ್ಯಾ ಸೆಕ್ರೆಟ್ರಿ" ಎಂದು ನಿಂತ ನಿಲುವಿನಲ್ಲೇ ಠರಾವು ಹೇಳಿದರು. ಶ್ರೀನಿವಾಸಪುರದ ಸಂಘಕ್ಕೆ ಎಲ್ಲ ಪಂದ್ಯಗಳಿಂದ ನಿಷೇಧ. ನಮ್ಮ ಪದಾಧಿಕಾರಿ ಯಾರೇ ಆಗಲಿ ಆ ಸಂಘದವರೆದುರು ಆಡಲು ಕೂತರೆ ಅವರ ಹುದ್ದೆ ಹೋಯಿತು. ಎಲ್ಲರೂ ಕೈ ಎತ್ತಿದರು. ವಹಾಬ್ ಸಾಹೇಬರು ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಎಲ್ಲರಿಗೂ ಸಲಾಂ ಹೇಳಿ ಮೆಟ್ಟಿಲಿಳಿದು ಹೋದರು.

ಮುಂದಿನ ಬುಧವಾರ ನಾನು ಅಟ್ಟ ಹತ್ತಿದಾಗ ರೆಡ್ಡಿಯವರು ಕಾಯಿಗಳನ್ನು ಜೋಡಿಸಿಕೊಂಡು ಒಬ್ಬರೇ ಕೂತಿದ್ದರು.

"ಏಮಯ್ಯಾ, ಇವತ್ತು ಬುಧವಾರ ಅಲ್ವಾ? ಸಾಹೇಬ್ರು ಯಾಕೆ ಬರ್ಲಿಲ್ಲ?"

"ನೀವೇ ನಿಷೇಧ ಹಾಕಿದೀರಲ್ಲ ಸಾರ್."

ಆ ಮುಖ ನೋಡಬೇಕಿತ್ತು. ತಾನು ಹಾಕಿದ ಬೇಲಿಯ ಹೊರಗೆ ತನ್ನ ಬಾವಿಯೇ ಉಳಿದುಹೋಯಿತು ಎಂಬುದು ಆಗಷ್ಟೇ ತಲೆಗೆ ಹೋದಂತಿತ್ತು. "ಹಂಗಾದ್ರೆ ವಾಪಸ್ ತಗೊಳ್ಳಿ" ಎಂದೆ. "ಮುಟ್ಟಿದ ಕಾಯಿ" ಎಂದರು. ನಾನು ತಲೆ ಚಚ್ಚಿಕೊಂಡೆ.

ಎರಡು ವಾರ ಒದ್ದಾಡಿ ಒಂದು ದಾರಿ ಕಂಡುಹಿಡಿದರು. ಅದೂ ರೇಡಿಯೊದಿಂದಲೇ. "ನೋಡಯ್ಯಾ, ಒಂದು ದೇಶಕ್ಕೆ ಮಾಲು ಬಂದ್ ಮಾಡಿದ್ರೆ ಏನ್ಮಾಡ್ತಾರೆ? ಪಕ್ಕದ ದೇಶಕ್ಕೆ ಕಳಿಸ್ತಾರೆ. ಅಲ್ಲಿ ಮೂಟೆ ಬದಲಾಯಿಸಿ ಒಳಗೆ ಬಿಡ್ತಾರೆ. ನೀನು ಪಕ್ಕದ ದೇಶ. ನಾನು ನಿನ್ ಜೊತೆ ಆಡ್ತೀನಿ, ಸಾಹೇಬ್ರು ನಿನ್ ಜೊತೆ ಆಡ್ತಾರೆ. ನನ್ನ ನಡೆ ನೀನು ಅಲ್ಲಿ ಆಡು, ಅವರ ನಡೆ ಇಲ್ಲಿ ಆಡು. ಹೆಂಗೂ ಬುಧವಾರ ನಿಂಗೆ ಅಲ್ಲಿ ಇಲಾಖೆ ಮೀಟಿಂಗು."

"ಸಾರ್, ನಾನೂ ಪದಾಧಿಕಾರಿ. ಅವರೆದುರಿಗೆ ಕೂತ್ರೆ ನನ್ನ ಹುದ್ದೆ ಹೋಗ್ತದೆ."

"ಅದಕ್ಕೇ ನಿನ್ನನ್ನ ಇವತ್ತಿಂದ ತೆಗೆದಿದೀನಿ."

ತೆಗೆದರು, ನಿಜ. ಆದರೆ ಸಭೆಯ ನಡಾವಳಿ ಬರೆಯುವುದು, ಅಟ್ಟ ಗುಡಿಸುವುದು, ಪಂದ್ಯದ ದಿನ ಬೆಂಚು ಹೊರುವುದು ಎಲ್ಲ ನನ್ನ ತಲೆಗೇ ಉಳಿಯಿತು. ಕರೆಯುವುದೂ "ಸೆಕ್ರೆಟ್ರಿ" ಎಂದೇ.

ನಡೆಯನ್ನು ಚೀಟಿಯಲ್ಲಿ ಬರೆದುಕೊಳ್ಳಲೂ ಬಿಡಲಿಲ್ಲ. ಬರೆದರೆ ಸಾಕ್ಷಿಯಾಗುತ್ತದಂತೆ, ಕೃಷ್ಣಪ್ಪನ ಕೈಗೆ ಸಿಕ್ಕರೆ ಕುರ್ಚಿ ಹೋಗುತ್ತದಂತೆ. ಹಾಗಾಗಿ ನಾನು ಬಸ್ಸಿನಲ್ಲಿ ಕೂತು "ರಾಜನ ಕಡೆ ಒಂಟೆ ಮೂರು ಮನೆ ಓರೆಗೆ, ರಾಜನ ಕಡೆ ಒಂಟೆ ಮೂರು ಮನೆ ಓರೆಗೆ" ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಪಕ್ಕದಲ್ಲಿ ಕೂತ ಟೊಮೆಟೊ ಬುಟ್ಟಿಯ ಹೆಂಗಸು ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ವಾರಕ್ಕೆ ಅಲ್ಲಿಗೊಂದು ನಡೆ, ಇಲ್ಲಿಗೊಂದು ನಡೆ. ಇಲ್ಲಿ ಆ ಆಟದ ಹಲಗೆಯ ಮೇಲೆ ಖಾಲಿ ಗೊಬ್ಬರದ ಚೀಲ ಹೊದಿಸಿರುತ್ತಿತ್ತು. ಅಲ್ಲಿ ವಹಾಬ್ ಸಾಹೇಬರು ಬಚ್ಚಿಡುವ ಗೋಜಿಗೇ ಹೋಗದೆ ಮಾವಿನ ಮಂಡಿಯ ನಟ್ಟನಡುವೆ ಇಟ್ಟುಕೊಂಡಿದ್ದರು. "ಕ್ಯಾ ಭಾಯ್, ಚೆನ್ನಾಗಿ ಆಡ್ತೀರಿ ನೀವು. ಥೇಟ್ ರೆಡ್ಡಿಗಾರು ಆಡ್ದಂಗೇ ಇದೆ" ಎಂದು ನಗುತ್ತಿದ್ದರು. ಅವರಿಗೆ ನಗು, ನನಗೆ ಸಂಕಟ.

ಇಬ್ಬರು ಮುದುಕರಿಗೆ ನಾನಾದರೂ ಇದ್ದೆ. ಶ್ರೀನಿವಾಸಪುರದ ಹುಡುಗರಿಗೆ ಯಾರಿದ್ದರು? ಜಿಲ್ಲೆಯಲ್ಲಿ ಆಡದೆ ರಾಜ್ಯದ ಪಂದ್ಯಕ್ಕೆ ಹೋಗುವಂತಿಲ್ಲ. ನಮ್ಮವರನ್ನೆಲ್ಲ ಕಣ್ಣು ಮುಚ್ಚಿ ಸೋಲಿಸಬಲ್ಲವರು ಅಲ್ಲಿದ್ದರು. ಒಬ್ಬೊಬ್ಬರಾಗಿ ಬೇಸತ್ತು ಕೇರಂ ಬೋರ್ಡಿನ ಕಡೆ ಹೋದರು. ಕಾಬೂಲು ಎಲ್ಲಿದೆಯೆಂದೇ ಗೊತ್ತಿಲ್ಲದ ಹುಡುಗರು ಅವರು. ಇದನ್ನು ಹೇಳಿದಾಗಲೆಲ್ಲ ರೆಡ್ಡಿಯವರು, "ನಂಗೊತ್ತಿಲ್ವೇನಯ್ಯಾ" ಎಂದು ರೇಡಿಯೊ ಕಡೆ ತಿರುಗುತ್ತಿದ್ದರು. ಕಾಬೂಲಿನ ಸುದ್ದಿ ಬಂದರೆ ಅವರ ಉಸಿರೇ ನಿಲ್ಲುತ್ತಿತ್ತು. ಆ ಊರಿಗಾಗಿ ಇಷ್ಟು ಚಡಪಡಿಸಿದ ಮನುಷ್ಯ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ. ರಷ್ಯಾದವರು ಅಲ್ಲಿಂದ ಹೊರಟರೆ ಸಾಹೇಬರು ತಾವಾಗಿಯೇ ಬರುತ್ತಾರೆ, ನಿಷೇಧ ತೆಗೆಯಬಹುದು, ಅಧ್ಯಕ್ಷಗಿರಿಗೂ ಕುಂದಿಲ್ಲ. ಅದು ಅವರ ಲೆಕ್ಕ. ಆ ಲೆಕ್ಕದಲ್ಲಿ ಎಂಟು ವರ್ಷ ಹೋಯಿತು.

ಎಂಬತ್ತೆಂಟರ ಮಾವಿನ ಕಾಲ. ನಾನು ಮಂಡಿಗೆ ಹೋದರೆ ಸಾಹೇಬರಿಲ್ಲ. ಎದೆನೋವು ಬಂದು ಕೋಲಾರದ ಆಸ್ಪತ್ರೆಯಲ್ಲಿದ್ದು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದಾರೆ, ಎದ್ದು ಕೂರುವಂತಿಲ್ಲ ಎಂದು ಮಂಡಿಯವರು ಹೇಳಿದರು. ಆ ವಾರ ನಾನು ನಡೆಯಿಲ್ಲದೆ ಬರಿ ಬಾಯಲ್ಲಿ ಮುಳಬಾಗಿಲಿಗೆ ಬಂದೆ. ರೆಡ್ಡಿಯವರು ಕೇಳಿ ಕುದುರೆಯನ್ನು ಕೈಗೆತ್ತಿಕೊಂಡರು. ಅದನ್ನೇ ತಿರುಗಿಸುತ್ತಾ, "ಒಪ್ಪಂದ ಆಯ್ತಂತೆ ಕಣಯ್ಯಾ. ರಷ್ಯಾದೋರು ಹೊರಡ್ತಾರಂತೆ. ಇನ್ನು ಕೆಲವೇ ತಿಂಗಳು" ಎಂದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಅವರು ಹೊರಡೋವರೆಗೂ ಸಾಹೇಬ್ರು ಇರ್ತಾರಾ ಸಾರ್? ಮುಟ್ಟಿದ ಕಾಯಿ, ಮುಟ್ಟಿದ ಕಾಯಿ ಅಂತೀರಿ. ಎಂಟು ವರ್ಷದಿಂದ ಕೈಯಲ್ಲೇ ಹಿಡ್ಕೊಂಡಿದೀರಲ್ಲ, ಎಲ್ಲಾದ್ರೂ ಒಂದ್ ಕಡೆ ಇಳಿಸ್ಬಾರ್ದಾ?"

ಅವರು ನಡಾವಳಿ ಪುಸ್ತಕದಿಂದ ಒಂದು ಖಾಲಿ ಹಾಳೆ ಕಿತ್ತು ನನ್ನ ಮುಂದಿಟ್ಟರು. ಆಮೇಲೆ, "ನಿನ್ನ ಅಕ್ಷರ ದುಂಡಗದೆ. ನನ್ನ ರಾಜೀನಾಮೆ ಬರಿ" ಎಂದರು. ಬರೆದೆ. ಅವರು ರುಜು ಹಾಕಿ, ಮಾಲೂರಿನ ಕೃಷ್ಣಪ್ಪನವರಿಗೆ ಅಂಚೆಯಲ್ಲಿ ಕಳಿಸಿ, ಮಾರನೆಯ ಬೆಳಿಗ್ಗೆ ಒಗೆದ ಪಂಚೆ ಉಟ್ಟು ಬಸ್ಸು ಹತ್ತಿದರು. ನನ್ನನ್ನೂ ಹತ್ತಿಸಿದರು.

ಸಾಹೇಬರನ್ನು ಮಂಚದ ಸಮೇತ ಮಂಡಿಗೆ ತಂದು, ಹಣ್ಣಿನ ರಾಶಿಯ ಪಕ್ಕದಲ್ಲಿ ಮಲಗಿಸಿದ್ದರು. ಹಟ ಮಾಡಿ ತರಿಸಿಕೊಂಡಿದ್ದರಂತೆ. ರೆಡ್ಡಿಯವರನ್ನು ನೋಡಿ ಅವರ ಕಣ್ಣು ಅಗಲವಾಯಿತು.

"ರೆಡ್ಡಿಗಾರು, ಅವರಿನ್ನೂ ಹೊರಟಿಲ್ಲವಲ್ಲ?"

"ಅವರು ಯಾವಾಗ್ ಬೇಕಾದ್ರೂ ಹೊರಡ್ಲಿ ಸಾಹೇಬ್ರೇ. ನಾನು ಹೊರಟು ಬಂದೆ."

ಮಂಡಿಯವರೆಲ್ಲ ನೋಡುತ್ತಿದ್ದಂತೆ ರೆಡ್ಡಿಯವರು ಮಂಚದ ಎದುರಿಗೆ ಕೂತು ಅವರೊಂದಿಗೆ ಆಡಿದರು. ಮಧ್ಯದಲ್ಲಿ ಮಂಡಿಯ ರೇಡಿಯೊದಲ್ಲಿ ವಾರ್ತೆ ಶುರುವಾಯಿತು. ರೆಡ್ಡಿಯವರ ಕೈಯಲ್ಲಿ ಕುದುರೆ ಇತ್ತು. ಸಾಹೇಬರು ಸ್ನೇಹಿತನ ಅಭ್ಯಾಸ ಗೊತ್ತಿದ್ದವರು, ಜೋರು ಮಾಡಲು ಹೇಳಿದರು. "ಆರಿಸ್ಬಿಡಪ್ಪಾ ಅದನ್ನ" ಎಂದು ರೆಡ್ಡಿಯವರು ಕುದುರೆಯನ್ನು ಇಳಿಸಿದರು. ಅವರು ವಾರ್ತೆಯ ಹೊತ್ತಿನಲ್ಲಿ ಕಾಯಿ ಇಳಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಸಾಹೇಬರು ಚೇತರಿಸಿಕೊಂಡರು. ಕೃಷ್ಣಪ್ಪನವರು ಅಧ್ಯಕ್ಷರಾದರು. ನಿಷೇಧ ತೆಗೆಯಿರಿ ಎಂದು ಕೇಳಿದರೆ, "ಹಾಕಿದೋರು ತೆಗೀಬೇಕಿತ್ತು, ನಾನ್ಯಾಕೆ ಕೈ ಹಾಕ್ಲಿ?" ಎಂದರು. ರೆಡ್ಡಿಯವರಿಗೆ ಅದರ ಗೊಡವೆ ಇರಲಿಲ್ಲ. ಬುಧವಾರದ ಬಸ್ಸು ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಚಳಿಗಾಲದಲ್ಲಿ ಕೆಮ್ಮು ಹಿಡಿದು ಅವರೇ ಹಾಸಿಗೆ ಹಿಡಿದರು. ಅರ್ಧಕ್ಕೆ ನಿಂತ ಆಟವೊಂದು ಮಂಡಿಯಲ್ಲಿ ಹಾಗೇ ಇತ್ತು. ನೋಡಲು ಹೋದವನ ಕೈ ಹಿಡಿದು, "ನೀನು ಇನ್ನೊಂದ್ಸಲ ಪಕ್ಕದ ದೇಶ ಆಗ್ಬೇಕಲ್ಲಯ್ಯಾ. ಕುದುರೆನ ಅವರ ಮಂತ್ರಿ ಮುಂದಕ್ಕೆ ಹಾಕ್ದೆ ಅಂತ ಹೇಳು" ಎಂದರು. "ನೀವೇ ಬಂದು ಹಾಕಿ, ನಂಗೆ ಸಾಕಾಗಿದೆ" ಎಂದು ಸಿಡುಕಿದೆ. ನಕ್ಕರು. ಬುಧವಾರಕ್ಕೆ ಮೊದಲೇ ಹೋಗಿಬಿಟ್ಟರು. ರಷ್ಯಾದ ಕೊನೆಯ ಸೈನಿಕ ಕಾಬೂಲು ಬಿಡಲು ಕೆಲವೇ ವಾರ ಉಳಿದಿತ್ತು. ಎಂಟು ವರ್ಷ ಕಾದ ಮನುಷ್ಯನಿಗೆ ಅಷ್ಟು ದಿನ ಕಾಯಲು ಏನಾಗಿತ್ತು ಎಂದು ನನಗೆ ಈಗಲೂ ಸಿಟ್ಟು.

ಆ ಬುಧವಾರ ಮಂಡಿಗೆ ಹೋದೆ. ಸಾಹೇಬರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ, "ಮೊದಲು ನಡೆ ಹೇಳಿ ಭಾಯ್" ಎಂದರು. ಹೇಳಿದೆ. ಕುದುರೆಯನ್ನು ಅವರೇ ಎತ್ತಿ ತಮ್ಮ ಮಂತ್ರಿಯ ಮುಂದೆ ಇಟ್ಟರು. ಆಮೇಲೆ ಉಳಿದದ್ದು ಹೇಳಿದೆ. ಅವರು ಹಲಗೆಯನ್ನೇ ನೋಡುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಒಂಟೆಯನ್ನು ಎರಡು ಮನೆ ಹಿಂದಕ್ಕೆ ತೆಗೆದು, "ಹೇಳಿ ಅವರಿಗೆ" ಎಂದರು. ಎಂದವರೇ ಹೆಗಲ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರು ನನ್ನನ್ನು ವಿಚಿತ್ರವಾಗಿ ನೋಡಿದಾಗಲೇ ಗೊತ್ತಾದದ್ದು, ನಾನು ಗೊಣಗುತ್ತಿದ್ದೆ. ಒಂಟೆ ಎರಡು ಮನೆ ಹಿಂದಕ್ಕೆ. ಒಂಟೆ ಎರಡು ಮನೆ ಹಿಂದಕ್ಕೆ. ಮುಳಬಾಗಿಲಿನಲ್ಲಿ ಇಳಿದು ಕಾಲು ತಾನಾಗಿ ಗೊಬ್ಬರದ ಅಂಗಡಿಗೆ ಬಂತು. ಬಾಗಿಲು ಹಾಕಿತ್ತು. ಬಾಯಲ್ಲಿ ನಡೆ ಹಿಡಿದುಕೊಂಡು ಆ ಬಾಗಿಲ ಮುಂದೆ ನಿಂತೇ ಇದ್ದೆ. ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.