ಕೆಂಪಮ್ಮನ ಹೆಸರಿನಲ್ಲಿ ನನ್ನ ಹೆಬ್ಬೆಟ್ಟು

ಕೆಂಪಮ್ಮ, ನಿನ್ನ ಜಮೀನಿನ ಕ್ರಯಪತ್ರದ ಮೇಲಿರುವ ಹೆಬ್ಬೆಟ್ಟು ನಿನ್ನದಲ್ಲ. ಅದು ನನ್ನದು.

ಇಷ್ಟು ಬರೆಯಲು ಐವತ್ತು ವರ್ಷ ಬೇಕಾಯಿತು. ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮುಖಕ್ಕೇನೂ ಆಗಿರಲಿಲ್ಲ. ಆದರೂ ತೊಳೆಯಬೇಕು ಅನ್ನಿಸಿತು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಸ್ತ್ರೀಶಕ್ತಿ ಸಂಘದ ಪುಸ್ತಕಕ್ಕೂ ಬ್ಯಾಂಕಿಗೂ ಜಯಮ್ಮ ಎಂದು ಗುಂಡಗೆ ಸೈನ್ ಹಾಕುತ್ತೇನೆ. ನನ್ನ ಹೆಬ್ಬೆಟ್ಟು ಮಸಿ ಕಂಡಿದ್ದು ಜೀವಮಾನದಲ್ಲಿ ಒಂದೇ ಸಲ. ನಿನಗೆ ಬರೆಯಲು ಬರುತ್ತಿರಲಿಲ್ಲವಲ್ಲ, ಅದಕ್ಕೆ.

ಆಗ ನಾನು ಈ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳು. ನಿನ್ನ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಸರ್ಕಾರ ಅವನಿಗೆ ಕೊಟ್ಟಿದ್ದ ಕೆರೆ ಕೆಳಗಿನ ಜಮೀನು ನಿನ್ನ ಹೆಸರಿಗೆ ಬಂದಿತ್ತು. ಮಾರಬಾರದು ಎಂಬ ಷರತ್ತಿನ ಜಮೀನು ಅದು. ನಮ್ಮ ಮಾವ ಎರಡು ಸಲ ಕೇಳಿದರು. ನೀನು ಎರಡು ಸಲವೂ ಅಂಗಳದಲ್ಲೇ ನಿಂತು, "ನನ್ ಮಕ್ಳು ಅದ್ರಲ್ಲೇ ಉಣ್ಬೇಕು ಬುದ್ಧಿ, ಕೊಡಾಕಿಲ್ಲ" ಎಂದೆ. ನಾನು ಒಳಗೆ ಮುದ್ದೆ ತೊಳಸುತ್ತಾ ಕೇಳಿಸಿಕೊಂಡಿದ್ದೆ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ರಿಜಿಸ್ಟ್ರಾರ್ ಆಫೀಸಿನಲ್ಲಿ ನಿನ್ನನ್ನು ಕಂಡವರಿರಲಿಲ್ಲ. ನನ್ನನ್ನೂ ಕಂಡವರಿರಲಿಲ್ಲ. ಅಷ್ಟು ಸಾಕಾಯಿತು ನಮ್ಮ ಮನೆಯವರಿಗೆ.

ಬೆಳಗ್ಗೆ ಅತ್ತೆ ನನ್ನನ್ನು ಒಳಮನೆಗೆ ಕರೆದು ಬಳೆ ಬಿಚ್ಚಿಸಿದರು. ಕಾಲುಂಗುರ ತೆಗೆಸಿದರು. ತಾಳಿಯನ್ನು ರವಿಕೆಯ ಒಳಗೆ ತಳ್ಳಿ, ಸೆರಗಿನ ತುದಿ ಒದ್ದೆ ಮಾಡಿ ನನ್ನ ಹಣೆಯ ಕುಂಕುಮ ಒರೆಸಿದರು. ನೀನು ವಿಧವೆ, ನಾನೂ ಹಾಗೇ ಕಾಣಬೇಕಿತ್ತು. ನಾನು ಅಳತೊಡಗಿದೆ. "ಒಂದ್ಗಳ್ಗೆ ಕಣಮ್ಮಿ. ಬಂದ್ಮೇಲೆ ಎಣ್ಣೆ ನೀರ್ ಹುಯ್ಕೊಂಡು ಮತ್ತೆ ಇಕ್ಕೊಂಡ್ರಾಯ್ತು. ನಿನ್ ಗಂಡುಂಗೇನಾಗಕಿಲ್ಲ" ಎಂದರು ಅತ್ತೆ.

ಗಾಡಿಯಲ್ಲಿ ಗಂಡನ ಪಕ್ಕ ಕೂರುವಂತಿರಲಿಲ್ಲ. ಮೂಲೆಯಲ್ಲಿ, ನಿನ್ನ ಹಾಗೆ, ಮುದುಡಿಕೊಂಡು ಕೂತೆ.

ಅಲ್ಲಿ ಗುಮಾಸ್ತ ಪತ್ರ ನೋಡಿ, "ಕೆಂಪಮ್ಮ ಅಂದ್ರೆ ಯಾರಮ್ಮ?" ಎಂದ.

"ನಾನೇ ಸ್ವಾಮಿ" ಎಂದೆ.

ಆ ಎರಡು ಮಾತು— ಅತ್ತೆ ಹೇಳಿಕೊಟ್ಟಿದ್ದು ನಿಜ. ಆದರೆ ಬಾಯಿ ನನ್ನದು. ಅವನು ಮಸಿಯ ಡಬ್ಬಿಯನ್ನು ಕೈಯಿಂದ ಕೊಡಲಿಲ್ಲ. ಮರದ ಸ್ಕೇಲಿನಿಂದ ನನ್ನ ಕಡೆ ತಳ್ಳಿದ. ನನ್ನ ಬೆರಳು ತನಗೆ ತಾಕಬಾರದಲ್ಲ! ಎಡಗೈ ಹೆಬ್ಬೆಟ್ಟು ಅದ್ದಿ ಒತ್ತಿದೆ. ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ— ಈಗ ಹೇಳಲು ಹೇಸಿಗೆಯಾಗುತ್ತದೆ ಕೆಂಪಮ್ಮ— ನಾನು ಅತ್ತಿದ್ದು ನಿನ್ನ ಜಮೀನಿಗಲ್ಲ. ಅವನು ನನ್ನನ್ನು ನಿಮ್ಮವಳೆಂದು ತಿಳಿದು ಸ್ಕೇಲಿನಲ್ಲಿ ತಳ್ಳಿದನಲ್ಲ, ಅದಕ್ಕೆ. ನೀನು ದಿನಾ ಉಣ್ಣುತ್ತಿದ್ದ ಅವಮಾನದಲ್ಲಿ ಒಂದು ತುತ್ತು ನನಗೆ ಬಿದ್ದಿದ್ದಕ್ಕೆ.

ಮನೆಗೆ ಬಂದು ಎಣ್ಣೆ ನೀರು ಹಾಕಿಕೊಂಡೆ. ಅತ್ತೆ ಹಣೆಗೆ ದೊಡ್ಡ ಕುಂಕುಮವಿಟ್ಟು ತೆಂಗಿನಕಾಯಿ ಒಡೆದರು. ಅಷ್ಟಕ್ಕೆ ಎಲ್ಲಾ ಸರಿಹೋಯಿತು ಅಂದುಕೊಂಡೆವು.

ಮಾವ ನೇಗಿಲು ಹೂಡಿದ ದಿನ ನೀನು ಬದುವಿನ ಮೇಲೆ ನಿಂತು ಕೂಗಿದೆ: "ನಾನ್ ಎಲ್ಲಿ ಒತ್ತಿವ್ನಿ? ಯಾವತ್ತು ಒತ್ತಿವ್ನಿ?" ಜನ ನಕ್ಕರು. ಗಂಡ ಸತ್ತ ದುಃಖಕ್ಕೆ ಮರೆವು ಬಂದಿದೆ ಎಂದರು. ನಾನೂ ನಕ್ಕೆನೇ? ನೆನಪಿಲ್ಲ. ನಕ್ಕಿರಬೇಕು. ಮುಂದಿನ ವರ್ಷ ಅದೇ ಜಮೀನಿನಲ್ಲಿ ನಾವು ರೇಷ್ಮೆಗೆ ಹಿಪ್ಪುನೇರಳೆ ಹಾಕಿದಾಗ ಸೊಪ್ಪು ಕೊಯ್ಯುವ ಕೂಲಿಗೆ ನೀನೇ ಬಂದೆ. ನಿನ್ನ ನೆಲದಲ್ಲಿ, ನಿನ್ನ ಬೊಗಸೆಗೆ, ನಾನು ಮೇಲಿನಿಂದ ನೀರು ಹುಯ್ದೆ.

ಆಮೇಲೆ ವಿಧಾನಸೌಧದಲ್ಲಿ ಕಾನೂನಾಯಿತು. ಷರತ್ತು ಹಾಕಿ ನಿಮ್ಮ ಜನಕ್ಕೆ ಕೊಟ್ಟ ಜಮೀನನ್ನು ಯಾರೇ ಕೊಂಡಿರಲಿ, ಕ್ರಯ ರದ್ದು, ಜಮೀನು ವಾಪಸ್ಸು. ನಿನಗೆ ಯಾರೋ ತಿಳಿಸಿ ನೀನು ಅರ್ಜಿ ಹಾಕುವಷ್ಟರಲ್ಲಿ ಬಹಳ ವರ್ಷವಾಗಿತ್ತು; ತಡವಾಯಿತೆಂದು ಅರ್ಜಿ ಬಿದ್ದುಹೋಯಿತು. ಈಗ ತಿದ್ದುಪಡಿ ಬಂದಿದೆ, ಎಷ್ಟು ತಡವಾದರೂ ಅರ್ಜಿ ಹಾಕಬಹುದಂತೆ. ನೀನು ಮತ್ತೆ ಹಾಕಿದೆ. ನಮಗೆ ನೋಟಿಸು ಬಂತು. ನನ್ನ ಮಗ, ಹೀಗೆಯೇ ಜಮೀನು ಕೊಂಡ ಇನ್ನಷ್ಟು ಮನೆಯವರ ಜೊತೆ ಸೇರಿ ಹೈಕೋರ್ಟಿಗೆ ಹೋದ. ಇಷ್ಟು ವರ್ಷದಿಂದ ಉತ್ತವರ ಪತ್ರವನ್ನು ಶಾಸನಸಭೆ ಹೀಗೆ ರದ್ದು ಮಾಡಬಹುದೇ, ನೀವೇ ನೋಡಿ ಎಂದು.

ಆ ಕೇಸಿನಲ್ಲಿ ನಮ್ಮ ಕಡೆಯ ವಕೀಲರ ಹತ್ತಿರ ಜೂನಿಯರ್ ಆಗಿ ಸೇರಿದ್ದಾಳೆ ನನ್ನ ಮೊಮ್ಮಗಳು ಚಂದನ. ಅಯ್ಯೋ, ಅವಳು ಕರಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತ ದಿನ! ನಾನು ಕುಣಿಯುವುದೊಂದು ಬಾಕಿ. ನಮ್ಮ ಮನೆಯ ಹೆಣ್ಣುಮಗು ಜಡ್ಜ್ ಮುಂದೆ ನಿಂತು ಮಾತಾಡುತ್ತದೆ ಎಂದು ಊರಿಗೆಲ್ಲ ಮೈಸೂರುಪಾಕು ಹಂಚಿದೆ. ಒಲೆ ಮುಂದೆ ಕೂತು ಅವಳು ನನಗೆ ಕಾನೂನು ಹೇಳುತ್ತಾಳೆ.

"ಅಜ್ಜಿ, ಕಾನೂನ್ ಮಾಡೋದು ಶಾಸನಸಭೆ ಕೆಲ್ಸ. ಅದು ಸಂವಿಧಾನದ ಗೆರೆ ದಾಟೈತಾ ಅಂತ ನೋಡೋದು ಕೋರ್ಟ್ ಕೆಲ್ಸ."

"ನಮ್ಮನೇಲಿ ನಿಮ್ ಮುತ್ತಾತ ಕಾನೂನ್ ಮಾಡ್ತಿದ್ರು ಕಣಮ್ಮಿ, ನೋಡೋರೇ ಇರ್ನಿಲ್ಲ" ಎಂದೆ. ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ. ಎಂಥ ಬಾಯಿ ನನ್ನದು!

ನಿಮ್ಮ ಕೇರಿಗೂ ಮೈಸೂರುಪಾಕು ಕಳಿಸಿದ್ದೆ. ನೀನು ಕೋಲೂರಿಕೊಂಡು ಅಂಗಳದವರೆಗೆ ಬಂದೆ. "ಮೊಮ್ಮಗ್ಳು ಕರಿ ಕೋಟ್ ಹಾಕುದ್ಲಂತೆ ಕಣವ್ವ, ಚೆನ್ನಾಗಿರ್ಲಿ" ಎಂದೆ. ಹೊರಟವಳು ತಿರುಗಿ ನಿಂತು, "ಆ ಮಗೀನ ಒಸಿ ಕೇಳವ್ವ. ಒತ್ತದೇ ಇರೋ ಹೆಬ್ಬೆಟ್ಟು ಪತ್ರದ್ಮೇಲೆ ಹೆಂಗ್ ಬತ್ತದೆ ಅಂತ" ಎಂದೆ. ಜಗಳದ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ.

ನಾನು ಅವಳನ್ನು ಕೇಳಲಿಲ್ಲ. ಅವಳೇ ನನ್ನನ್ನು ಕೇಳಿದಳು. ಕೊಂಡ ದಿನ ಇದ್ದವರಲ್ಲಿ ಬದುಕಿರುವುದು ನಾನೊಬ್ಬಳೇ. "ಕೆಂಪಮ್ಮ ಒಪ್ಪಿ ಒತ್ತಿದ್ದನ್ನ ನೀನು ಕಣ್ಣಾರೆ ನೋಡಿದ್ದೀಯಲ್ಲಾ ಅಜ್ಜಿ?" ಎಂದು ಮೊಬೈಲಿನಲ್ಲಿ ಪತ್ರ ದೊಡ್ಡದು ಮಾಡಿ ತೋರಿಸಿದಳು. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ನಾನು ಹುಡುಗಿಯಾಗಿದ್ದಾಗ ಹುಲ್ಲು ಕೊಯ್ಯುವಾಗ ಕುಡುಗೋಲು ತಾಕಿದ ಗೆರೆ. ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೂಂ ಎಂದೆ. ಅಫಿಡವಿಟ್ಟಿಗೆ ಬಲಗೈಯಲ್ಲಿ ಸೈನ್ ಹಾಕಿದೆ. "ಎಷ್ಟು ಚೆನ್ನಾಗಿ ಬರೀತೀಯ ಅಜ್ಜಿ" ಎಂದು ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು.

ಮೊನ್ನೆ ಕೋರ್ಟಿಗೆ ನಾನೂ ಹೋಗಿದ್ದೆ, ಅವಳನ್ನು ಆ ಕೋಟಿನಲ್ಲಿ ನೋಡುವ ಆಸೆಗೆ. ದೊಡ್ಡ ವಕೀಲರು ಎದ್ದು, ಇವರು ಮೋಸದಿಂದ ಕೊಂಡವರಲ್ಲ, ಮಾರಿದ ಹೆಂಗಸು ತಾನಾಗಿ ಬಂದು ಒತ್ತಿದ್ದಾಳೆ, ಅಂಥವರ ಹಕ್ಕನ್ನು ಕಿತ್ತುಕೊಳ್ಳುವ ಕಾನೂನು ನ್ಯಾಯವೇ ಎಂದು ಕೇಳಿದರು. ಚಂದನ ಫೈಲಿನಿಂದ ನನ್ನ ಅಫಿಡವಿಟ್ಟು ತೆಗೆದು ಅವರ ಕೈಗಿತ್ತಳು. ತಿರುಗಿ ನನ್ನ ಕಡೆ ನೋಡಿ ನಕ್ಕಳು. ನನಗೆ ಎದೆ ತುಂಬಿ ಬಂತು. ಆಮೇಲೆ ಅವಳ ಕೈ ನೋಡಿದೆ. ನನ್ನ ಕೊಳಕನ್ನು ಆ ಮಗುವಿನ ಕೈಯಲ್ಲಿ ಹೊರಿಸಿದ್ದೆ— ಅದೂ ನಗುನಗುತ್ತಾ.

ಶಾಸನಸಭೆಗೆ ಎಷ್ಟು ಅಧಿಕಾರವಿದೆಯೋ, ಕೋರ್ಟು ಏನು ಹೇಳುತ್ತದೋ, ನನಗೆ ತಿಳಿಯದು. ಅದನ್ನು ಓದಿದವರು ನೋಡಿಕೊಳ್ಳಲಿ. ಆದರೆ ರದ್ದು ಮಾಡಲು ನಮ್ಮ ಹತ್ತಿರ ಪತ್ರವೆಂಬುದೇ ಇರಲಿಲ್ಲ. ಇದ್ದದ್ದು ಒರೆಸಿದ ಕುಂಕುಮ ಮತ್ತು ಒಂದು ಸುಳ್ಳು. ಅದು ಗೊತ್ತಿರುವುದು ನನಗೊಬ್ಬಳಿಗೆ.

ಕೇಸು ಮುಂದಿನ ಸೋಮವಾರಕ್ಕೆ ಹೋಗಿದೆ. ಅದಕ್ಕೆ ಮುಂಚೆ ಇದನ್ನು ಚಂದನಳ ಕೈಗೆ ಕೊಡುತ್ತೇನೆ. ಅವಳು ಮತ್ತೆ ನನ್ನ ಕೆನ್ನೆಗೆ ಮುತ್ತು ಕೊಡುವುದಿಲ್ಲ. ಮಗ ಊಟಕ್ಕೆ ಕರೆಯುತ್ತಾನೋ ಇಲ್ಲವೋ. ಆಗಲಿ. ನಿನಗೆ ಓದಲು ಬಾರದು. ನಾನೇ ಬಂದು, ನಿನ್ನ ಅಂಗಳದಲ್ಲಿ ನಿಂತು, ನಿನ್ನ ಮಕ್ಕಳೆಲ್ಲ ಕೇಳುವ ಹಾಗೆ ಓದುತ್ತೇನೆ. ಕ್ಷಮಿಸು ಎಂಬ ಮಾತು ಇದರಲ್ಲಿ ಬರೆದಿಲ್ಲ. ಅದನ್ನೂ ನಿನ್ನಿಂದ ಕಿತ್ತುಕೊಳ್ಳುವುದು ಬೇಡ.

ಕೆಳಗೆ ಸೈನ್ ಹಾಕಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ. ಬಿಳಿ ಗೆರೆ ಚೆನ್ನಾಗಿ ಮೂಡಿದೆ. ಆ ಪತ್ರದ ಪಕ್ಕ ಇಟ್ಟು ನೋಡಲಿ. ಕೆಂಪಮ್ಮ ಅಂದರೆ ಯಾರು ಎಂದು ಯಾರೇ ಕೇಳಲಿ, ಈ ಸಲ ನಾನು ಕೈ ಎತ್ತಿ ನಿನ್ನನ್ನು ತೋರಿಸುತ್ತೇನೆ.