ಮಾಯಮ್ಮನ ಮೂಗು, ತಿಮ್ಮೇಶನ ಮಣ್ಣು

ಅಕ್ಕೂರಿನಲ್ಲಿ ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದರೆ ಸಾಕು, ಮಾಯಮ್ಮನಿಗೆ ಕರೆ ಬರುತ್ತಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅಲ್ಲಿಂದ ಗೂಡು ಕಟ್ಟುವವರೆಗಿನ ಏಳೆಂಟು ದಿನಗಳಲ್ಲಿ ರೋಗ ಬಿದ್ದರೆ ಬೆಳೆ ಹೋದಂತೆಯೇ. ಮಾಯಮ್ಮ ಯಾರ ಹುಳು ಮನೆಯೊಳಗೂ ಕಾಲಿಡುತ್ತಿರಲಿಲ್ಲ. ಒಂದು ಮನೆಯ ರೋಗ ಇನ್ನೊಂದು ಮನೆಗೆ ಕಾಲಿನಲ್ಲಿ, ಸೀರೆಯ ಅಂಚಿನಲ್ಲಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹೊಸ್ತಿಲಾಚೆ ಹರಡಿದ ಸುಣ್ಣದ ಪುಡಿಯ ಮೇಲೆ ನಿಂತು ಒಂದೇ ಸಲ ಉಸಿರೆಳೆದುಕೊಂಡು, "ಸಪ್ಪೆ ರೋಗ ಸುರುವಾಗೈತೆ, ಮೂಲೆ ಸ್ಟ್ಯಾಂಡಿನ ಹುಳ ನೋಡಿ" ಅಂತಲೋ, "ಏನೂ ಇಲ್ಲ, ಸೊಪ್ಪಾಕಿ" ಅಂತಲೋ ಹೇಳಿ ಹೊರಡುತ್ತಿದ್ದಳು. ಕಾಫಿ ಕೊಟ್ಟರೆ ಬೀದಿಯಲ್ಲೇ ನಿಂತು ಕುಡಿಯುತ್ತಿದ್ದಳು.

ಕೊರೋನಾದ ಎರಡನೆಯ ಅಲೆಯಲ್ಲಿ ಅವಳೂ ಹಾಸಿಗೆ ಹಿಡಿದಳು. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಒಗ್ಗರಣೆಯ ಬೆಳ್ಳುಳ್ಳಿ ಸೀದು ಕಪ್ಪಾದರೂ ಅವಳಿಗೆ ವಾಸನೆ ತಿಳಿಯಲಿಲ್ಲ. ಮೂಗು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ಊರು ಅವಳನ್ನು ಮರ್ಯಾದೆಯಿಂದ ಕರೆದದ್ದು ಆ ಮೂಗಿಗಾಗಿಯೇ. ಕರೆದವರ ಮನೆಗೆ ಆಮೇಲೂ ಹೋಗುತ್ತಲೇ ಇದ್ದಳು. ಉಸಿರೆಳೆದಂತೆ ಮಾಡಿ, ಹುಳುಗಳ ಬಣ್ಣ ನೋಡಿ, ಮನೆಯವರ ಮುಖ ನೋಡಿ ಅಂದಾಜಿನ ಮೇಲೆ ಹೇಳುತ್ತಿದ್ದಳು. ಹೋದ ವರ್ಷ ಪಕ್ಕದ ಬೀದಿಯ ನೂರ್ಜಹಾನಳ ಮನೆಯಲ್ಲಿ "ಚೆನ್ನಾಗೈತೆ" ಎಂದು ಬಂದಳು. ನಾಲ್ಕು ದಿನದಲ್ಲಿ ಆ ಮನೆಯ ಅರ್ಧ ಹುಳು ಕೊಳೆತವು. ನೂರ್ಜಹಾನ್ ಮಾಯಮ್ಮನನ್ನು ಅನುಮಾನಿಸಲಿಲ್ಲ, ಸೊಪ್ಪು ಮಾರಿದವನನ್ನು ಬೈದಳು.

ಚನ್ನಪಟ್ಟಣದಲ್ಲಿ ಮುಚ್ಚಿಹೋದ ಗೊಂಬೆ ಅಂಗಡಿಯೊಂದರ ಮಹಡಿಯಲ್ಲಿ ತಿಮ್ಮೇಶ್ ಎಂಬಾತ ಗುರುವಾರ ಗುರುವಾರ ಪಾಠ ಹೇಳುವುದು ಅವಳ ಕಿವಿಗೆ ಬಿದ್ದದ್ದು ಇದಾದ ಮೇಲೆ. ಹರ್ಮೆಟಿಕ್ ಸಾಧನೆಯಂತೆ, ಈಜಿಪ್ಟು ಗ್ರೀಸ್ ಕಡೆಯ ಹಳೆಯ ವಿದ್ಯೆಯಂತೆ, ಇಂದ್ರಿಯಗಳನ್ನು ತತ್ವಗಳ ಜೊತೆ ಕೂಡಿಸಿ ಎಬ್ಬಿಸುತ್ತಾರಂತೆ. ಮಾಯಮ್ಮ ಹೋಗಿ ಬಾಗಿಲ ಪಕ್ಕದಲ್ಲಿ ಕೂತಳು, ಬೇಡವೆನಿಸಿದರೆ ಎದ್ದು ಬರಲು.

"ಕಣ್ಣು ಬೆಂಕಿಗೆ ಸೇರಿದ್ದು, ಕಿವಿ ಗಾಳಿಗೆ, ಚರ್ಮ ನೀರಿಗೆ. ನಾಲಿಗೆ, ಮೂಗು ಎರಡೂ ಮಣ್ಣಿಗೆ" ಎಂದ ತಿಮ್ಮೇಶ್.

"ಒಸಿ ತಡೀರಿ" ಎಂದಳು ಮಾಯಮ್ಮ. "ಕಿವಿ ಗಾಳಿಗಾ? ನಮ್ಮಪ್ಪ ಭಜನೇಲಿ ಕಿವಿ ಆಕಾಶದ್ದು, ಗಾಳಿಗೆ ಸೇರಿದ್ದು ಚರ್ಮ ಅಂತಿದ್ದ."

"ಅದು ನಮ್ಮವರ ಲೆಕ್ಕ ಅಮ್ಮ, ಇದು ಅವರ ಲೆಕ್ಕ."

"ನಾಲಿಗೆ?"

"ನಮ್ಮಲ್ಲಿ ನೀರು. ಅವರಲ್ಲಿ ಮಣ್ಣು."

"ಎಲ್ಲಾ ಅದಲು ಬದಲು ಮಾಡ್ಬುಟ್ಟವ್ರಲ್ಲ! ಮೂಗು?"

"ಮೂಗು ಇಬ್ಬರಲ್ಲೂ ಮಣ್ಣೇ ಅಮ್ಮ."

ಆ ಮನುಷ್ಯನ ಮೇಲೆ ಮಾಯಮ್ಮನಿಗೆ ನಂಬಿಕೆ ಬಂದಿರಲಿಲ್ಲ. ಆದರೆ ಒಬ್ಬರಿಗೊಬ್ಬರು ಗುರುತಿಲ್ಲದ ಎರಡು ಕಡೆಯವರು ಮೂಗಿನ ವಿಷಯದಲ್ಲಿ ಮಾತ್ರ ಒಂದೇ ಮಾತು ಹೇಳಿದ್ದು ಮನಸ್ಸಿಗೆ ಹಿಡಿಯಿತು. ಮೂಗನ್ನು ಎಬ್ಬಿಸುವುದು ಹೇಗೆಂದು ಅವಳು ಕೇಳಿದಾಗ ತಿಮ್ಮೇಶ್ ಒಂದು ಸಾಧನೆ ಹೇಳಿದ. ತಾನು ದುಡಿದ ನೆಲದ ಮಣ್ಣಿನ ಹೆಂಟೆಯನ್ನು ಯಾರೂ ಬರದ ಜಾಗದಲ್ಲಿ ಹಿಡಿದು ಕೂರಬೇಕು. ಕಣ್ಣು ಮುಚ್ಚಬೇಕು. ಮಣ್ಣಿನ ಭಾರ ಮೂಗಿನೊಳಗೆ ಇಳಿಯುತ್ತಿದೆ ಎಂದು ನೆನೆಯಬೇಕು. ದಿನಕ್ಕೆ ಎರಡು ಸಲ.

ಮಾಯಮ್ಮನಿಗೆ ಅಂಥ ಜಾಗ ಒಂದೇ ಇತ್ತು, ಸೊಪ್ಪು ಹಾಕುವ ಹೊತ್ತು ಬಿಟ್ಟರೆ ಯಾರೂ ಬರದ ತನ್ನದೇ ಹುಳು ಮನೆ.

ಅವಳ ಸೊಸೆ ವರಲಕ್ಷ್ಮಿ ಇದನ್ನು ಕಿಟಕಿಯ ಜಾಲರಿಯಿಂದ ಕಂಡಳು. ಅತ್ತೆ ಬಾಗಿಲು ಹಾಕಿಕೊಂಡು, ಮುಷ್ಟಿಯಲ್ಲಿ ಏನನ್ನೋ ಮೂಗಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಿದ್ದಳು. ಗುರುವಾರ ಮಧ್ಯಾಹ್ನ ಯಾರಿಗೂ ಹೇಳದೆ ಬಸ್ಸು ಹತ್ತುವುದನ್ನೂ ಅವಳು ಗಮನಿಸಿದ್ದಳು. ಮಾವ ಚನ್ನಯ್ಯನ ಹತ್ತಿರ ಹೋಗಿ ಹೇಳಿದಳು.

"ಅತ್ತೆ ಏನೋ ಮಾಟ ಕಲೀತಾವ್ರೆ ಮಾವ."

"ನಿಮ್ಮತ್ತೆನಾ? ಕೋಳಿ ಕುಯ್ಯೋವಾಗ ಹಿತ್ಲಿಗೆ ಓಡೋಗ್ತಾಳೆ ಅವ್ಳು" ಎಂದು ಚನ್ನಯ್ಯ ನಕ್ಕ. "ಯಾರ್ಗೆ ಮಾಡ್ತಾಳವ್ವ ಮಾಟವ?"

"ನಂಗೇ ಮಾಡ್ತಿದ್ರೆ?"

ಚನ್ನಯ್ಯ ನಗು ನಿಲ್ಲಿಸಿದ.

ತಮ್ಮ ಹುಳು ನಾಲ್ಕನೆಯ ಜ್ವರದಿಂದ ಎದ್ದ ಐದನೆಯ ದಿನ ಸೊಪ್ಪು ಹೊತ್ತು ಒಳಗೆ ಹೋದ ವರಲಕ್ಷ್ಮಿ ಬಾಗಿಲಲ್ಲೇ ನಿಂತಳು. ಹಸಿ ಸೊಪ್ಪಿನ ವಾಸನೆಯ ಅಡಿಯಿಂದ ಹುಳಿತ ನಾತ ಬರುತ್ತಿತ್ತು. ಮಾಯಮ್ಮ ಆ ನಾತ ಬರುತ್ತಿದ್ದ ಸ್ಟ್ಯಾಂಡಿನ ಮುಂದೆಯೇ ಕೂತು, ಹುಳು ತಿಂದು ಬಿಟ್ಟ ಕಡ್ಡಿ ಆಯುತ್ತಿದ್ದಳು.

"ಅತ್ತೆ, ನಾತ ಬತ್ತಿಲ್ವಾ ನಿಮ್ಗೆ?"

"ಬತ್ತೈತೆ. ಸೊಪ್ಪಿಂದು."

ಊರಿಗೆಲ್ಲ ರೋಗ ಹೇಳುವವಳ ಬಾಯಲ್ಲಿ ಈ ಮಾತು! ವರಲಕ್ಷ್ಮಿ ಸೊಪ್ಪು ಇಳಿಸಿ ಅಡಿಗೆ ಮನೆಗೆ ಹೋದಳು. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಅಂಗೈಯಲ್ಲಿ ಮುಚ್ಚಿಕೊಂಡು ಬಂದು, ಅತ್ತೆಯನ್ನು ಹೊರಗೆ ಕರೆದು, ಮೂಗಿನ ಹತ್ತಿರ ಹಿಡಿದಳು.

"ಏನೈತೆ ಹೇಳಿ ಇದ್ರಲ್ಲಿ?"

"ಏನ್ ಹುಡುಗಾಟ ನಿಂದು?"

"ಹೇಳಿ ಅತ್ತೆ."

ಮಾಯಮ್ಮ ಮುಷ್ಟಿಯನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಬೇರೆಯವರ ಮುಖದಲ್ಲಿ ಸಿಗುತ್ತಿದ್ದ ಸುಳಿವು ಅಲ್ಲಿ ಸಿಗಲಿಲ್ಲ.

"ಮಲ್ಲಿಗೆ" ಎಂದಳು.

ವರಲಕ್ಷ್ಮಿ ಅಂಗೈ ತೆರೆದಳು. ಮಾಯಮ್ಮ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕೊನೆಗೆ ಮಣ್ಣಿನ ಮಾತು ಬಂದಾಗ ವರಲಕ್ಷ್ಮಿ ಕೇಳಿದಳು, "ಎಲ್ಲಿಂದ ತಂದ್ರಿ ಮಣ್ಣ?"

"ನಮ್ ಹಿಪ್ಪುನೇರಳೆ ತೋಟದ್ದೇ ಕಣವ್ವ. ಮೇಲಿನ ಬದಿಂದು."

ಹಿಂದಿನ ಬೆಳೆಯ ಸತ್ತ ಹುಳು, ಕಸ ಎಲ್ಲವನ್ನೂ ಹೂಳದೆ ಸುರಿದಿದ್ದ ಜಾಗ ಅದು. ಬಂದವರಿಂದೆಲ್ಲ ಸುಣ್ಣ ತುಳಿಸುತ್ತಿದ್ದವಳು ಆ ಮಣ್ಣನ್ನು ಮಡಿಲಲ್ಲಿ ಕಟ್ಟಿಕೊಂಡು ದಿನಕ್ಕೆರಡು ಸಲ ಒಳಗೆ ಹೋಗಿದ್ದಳು. ರೋಗ ಅದರಿಂದಲೇ ಬಂತೋ, ಒದ್ದೆ ಸೊಪ್ಪಿನಿಂದ ಬಂತೋ ಯಾರೂ ಖಚಿತವಾಗಿ ಹೇಳಲಾರರು. ಚನ್ನಯ್ಯ ಮಾತ್ರ ತಿಮ್ಮೇಶನನ್ನು ಮೋಸಗಾರ ಎಂದೇ ಇವತ್ತಿಗೂ ಕರೆಯುತ್ತಾನೆ. ಐದು ಸ್ಟ್ಯಾಂಡುಗಳಲ್ಲಿ ಎರಡರ ಹುಳುಗಳನ್ನು ಸುಟ್ಟುಹಾಕಿ ಮೂರರವನ್ನು ಉಳಿಸಿಕೊಂಡರು.

ಗೂಡು ಮಾರಿ, ಹುಳು ಮನೆ ತೊಳೆದು ಬ್ಲೀಚಿಂಗ್ ಹೊಡೆದು ಹದಿನೈದು ದಿನವಾದ ಮೇಲೆ ನೂರ್ಜಹಾನ್ ಬಾಗಿಲಿಗೆ ಬಂದಳು.

"ಮಾಯಕ್ಕ, ನಮ್ ಹುಳ ಜ್ವರ ಎದ್ದೈತೆ. ಬಂದು ಒಂದು ಮಾತು ಹೇಳು."

ಒಳಗಿದ್ದ ವರಲಕ್ಷ್ಮಿ ಕೆಲಸ ನಿಲ್ಲಿಸಿ ಕಿವಿ ಕೊಟ್ಟಳು. ಅತ್ತೆ ಏನು ಹೇಳುತ್ತಾಳೋ ಎಂಬ ಅನುಮಾನ ಅವಳಿಗಿತ್ತು.

"ನನ್ ಮೂಗು ಹೋಗಿ ವರ್ಷಗಳಾಯ್ತು ನೂರ್ಜಾನ" ಎಂದಳು ಮಾಯಮ್ಮ.

"ಹಂಗಾರೆ ಹೋದ ವರ್ಷ ಚೆನ್ನಾಗೈತೆ ಅಂದಿದ್ದು?"

"ಅಂದಾಜಲ್ಲಿ ಅಂದೆ."

ನೂರ್ಜಹಾನ್ ಸೆರಗು ಬಿಗಿಯಾಗಿ ಎಳೆದುಕೊಂಡಳು. "ಸೊಪ್ಪಿನೋನ ತಾಯೀನೂ ಬುಡ್ದೆ ಬೈದ್ನಲ್ಲ ನಾನು."

"ಬೈದೆ. ನಾನೂ ನಿಂತು ಕೇಳ್ದೆ."

ವರಲಕ್ಷ್ಮಿ ಹೊರಗೆ ಬಂದು, "ನಾನು ಬಂದು ನೋಡ್ಲಾ ಅಕ್ಕ?" ಎಂದಳು.

"ನೀವಿಬ್ರೂ ಒಂದೇ ಮನೆಯೋರು. ಯಾರ್ನ ನಂಬ್ಲಿ ನಾನು?"

"ಯಾರ್ನೂ ನಂಬ್ಬೇಡ" ಎಂದಳು ಮಾಯಮ್ಮ. "ನಾಲ್ಕು ಹುಳ ಡಬ್ಬಿಗೆ ಹಾಕ್ಕೊಂಡು ರೇಷ್ಮೆ ಇಲಾಖೆ ಆಫೀಸಿಗೆ ತಗೊಂಡೋಗು. ಭೂತಗನ್ನಡೀಲಿ ನೋಡಿ ಹೇಳ್ತಾರೆ."

"ಹೋದ ವರ್ಷವೇ ಹೇಳ್ಬೋದಿತ್ತಲ್ಲ ಈ ಮಾತ" ಎಂದು ನೂರ್ಜಹಾನ್ ಡಬ್ಬಿ ಹುಡುಕಲು ಹೊರಟಳು.