ಕಿವಿಯಲ್ಲಿ ಓದುತ್ತಿದ್ದ ನಂಜುಂಡಣ್ಣ

ನಂಜುಂಡಣ್ಣನ ಕಂಪ್ಯೂಟರ್ ಪರದೆ ಯಾವಾಗಲೂ ಆರಿಯೇ ಇರುತ್ತಿತ್ತು. ಹಾಸನದ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಅಂಗಡಿ, ಛತ್ರ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಹೊಸದಾಗಿ ಬಂದವರು ಕರೆಂಟ್ ಹೋಗಿದೆಯೆಂದುಕೊಂಡು ಫ್ಯಾನಿನ ಕಡೆ ನೋಡುತ್ತಿದ್ದರು. ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಅದರ ಕೆಳಗೆ ನಂಜುಂಡಣ್ಣ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಅರೆಮುಚ್ಚಿ, ಕಪ್ಪು ಪರದೆಯ ಮುಂದೆ ಟೈಪ್ ಮಾಡುತ್ತಿರುತ್ತಿದ್ದ.

ಅವನು ಅರಕಲಗೂಡು ಕಡೆಯ ಮಲ್ಲಿಪಟ್ಟಣದವನು, ಬೇಸಾಯದ ಮನೆಯವನು. ಕೋಡ್ ಬರೆಯುವುದನ್ನು ಕಲಿತು ಕೆಲಸಕ್ಕೆ ಸೇರಿದ ಮೇಲೆ ದೃಷ್ಟಿ ಅಂಚಿನಿಂದ ಕುಗ್ಗುತ್ತ ಬಂದು ಒಂದು ದಿನ ಪೂರ್ತಿ ನಿಂತುಹೋಗಿತ್ತಂತೆ. ಅಲ್ಲಿಂದಾಚೆಗೆ, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೇ ಅವನ ಕಣ್ಣು. ಅದನ್ನು ಅವನು ಓಡಿಸುತ್ತಿದ್ದ ವೇಗಕ್ಕೆ ನನಗೆ ಕೇಳುತ್ತಿದ್ದದ್ದು ಜೀರುಂಡೆಯ ದನಿ ಮಾತ್ರ. ಹೊಳೆನರಸೀಪುರದಿಂದ ಬೆಳಗಿನ ರೈಲು ಹಿಡಿದು ಬರುತ್ತಿದ್ದ ನಾನು ಊಟವಾದ ಮೇಲೆ ಆ ದನಿಗೇ ತೂಕಡಿಸುತ್ತಿದ್ದೆ. ನನ್ನ ಕೀಬೋರ್ಡ್ ಸದ್ದು ನಿಂತದ್ದು ಅವನಿಗೆ ತಿಳಿದುಬಿಡುತ್ತಿತ್ತು. “ಮನಿಕ್ಕಳವ್ವ, ಓನರ್ರು ಮೆಟ್ಲತ್ತುದ್ರೆ ಎಬ್ಬುಸ್ತೀನಿ” ಎನ್ನುತ್ತಿದ್ದ.

ಕನಸಿನಲ್ಲಿ ಅವನಿಗೆ ಇನ್ನೂ ಕಣ್ಣು ಕಾಣುತ್ತಿತ್ತಂತೆ. ಅಲ್ಲಿ ಕೋಡಿನ ಸಾಲುಗಳು ರಾಗಿ ಪೈರಿನ ಹಾಗೆ ಹಸಿರಾಗಿ ಬಾಗಿ ಏಳುತ್ತವೆ, ತಪ್ಪಿರುವ ಕಡೆ ಮಾತ್ರ ಗಾಳಿ ಆಡುವುದಿಲ್ಲ ಎನ್ನುತ್ತಿದ್ದ.

ಹೊಸ ಹೊಸ ಟೂಲುಗಳ ಮೇಲೆ ನನಗೆ ಮೋಹ. ಅವನದು ಒಂದೇ ಮಾತು: “ಟೂಲು ಅಂದ್ರೆ ರಾಗಿ ಕುಯ್ಯೋ ಕುಡ್ಲು ಇದ್ದಂಗೆ ಕಣವ್ವ. ಕೈಗೆ ಒಗ್ಗಬೇಕು. ನೋಡಕ್ ಮಾತ್ರ ಚಂದಾಗಿದ್ರೆ ಗ್ವಾಡೆಗೆ ನೇತಾಕು.” ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ತಮ್ಮ ಸೈಟಿನ ತುಂಬ ಓಡುವ ಚಿತ್ರಗಳೇ ಬೇಕೆಂದು ಹಟ ಹಿಡಿದಾಗ, ನಂಜುಂಡಣ್ಣ ವಾದ ಮಾಡಲಿಲ್ಲ. ಅವರ ಕಿವಿಗೆ ತನ್ನ ಇಯರ್‌ಫೋನ್ ಕೊಟ್ಟು ಕಣ್ಣು ಮುಚ್ಚಿಕೊಳ್ಳಲು ಹೇಳಿದ. “ಚಿತ್ರ, ಚಿತ್ರ, ಚಿತ್ರ” ಎಂದಷ್ಟೇ ಕೇಳಿಸಿತು. ವ್ಯಾಪಾರಿ ಇಯರ್‌ಫೋನ್ ತೆಗೆದುಕೊಟ್ಟು, ತಮ್ಮ ತಾಯಿಗೂ ಈಗ ಕಣ್ಣು ಮಂಜು ಎಂದರು. ಪ್ರತಿ ಚಿತ್ರಕ್ಕೂ ಅದರಲ್ಲೇನಿದೆಯೆಂದು ಹೇಳುವ ಮಾತು ಬರೆಸಿಕೊಂಡೇ ಹೋದರು.

ಅಚ್ಚಾದ ಪುಸ್ತಕಗಳನ್ನು ಅವನಿಗೆ ಓದಿ ಹೇಳುತ್ತಿದ್ದವರು ಹೆಂಡತಿ ಜಯಕ್ಕ, ಅರಕಲಗೂಡಿನಲ್ಲಿ ಶಾಲೆಯ ಟೀಚರು. ಒಂದು ಸಂಜೆ ಅಲ್ಲಿಯ ಅವರ ಮನೆಗೆ ಹೋಗಿದ್ದೆ. ಪ್ರೋಗ್ರಾಮಿಂಗಿನ ಗಂಧವೂ ಇಲ್ಲದ ಜಯಕ್ಕ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು “ಕಂಸ ತೆರೆ, ಕಂಸ ಮುಚ್ಚು” ಎಂದು ರಾಗವಾಗಿ ಓದುತ್ತಿದ್ದರು. ಒಂದು ಬಿಟ್ಟುಹೋದರೆ ಅವನು, “ಜಯಾ, ಅಲ್ಲೊಂದು ಬಾಗ್ಲು ಮುಚ್ಚಿಲ್ಲ ನೋಡು” ಎನ್ನುವನು. ಅರ್ಥವಾಗದ್ದನ್ನು ಓದಲು ಬೇಸರವಾಗುವುದಿಲ್ಲವೇ ಎಂದು ಕೇಳಿದೆ. “ಇವ್ರು ಕೇಳ್ತಾ ಕೂತಿರೋ ಮುಖ ನೋಡಕ್ಕೆ ಓದ್ತೀನಿ ಕಣಮ್ಮ” ಎಂದರು.

ಆಮೇಲೆ ಆಫೀಸಿಗೆ ಹೊಸ ತಂತ್ರಾಂಶ ಬಂತು. ಕೋಡ್ ಬರೆಯಬೇಕಿಲ್ಲ. ಮೌಸಿನಲ್ಲಿ ಚೌಕಗಳನ್ನು ಎಳೆದು ತಂದು ಜೋಡಿಸಿದರೆ ಪುಟ ಸಿದ್ಧ. ಕೆಲಸ ಬೇಗ ಮುಗಿಯುತ್ತಿತ್ತು, ಓನರಿಗೆ ಅದೇ ಬೇಕಿತ್ತು. ಆದರೆ ಅದರ ಬಟನ್‌ಗಳಿಗೆ ಹೆಸರೇ ಇರಲಿಲ್ಲ. ನಂಜುಂಡಣ್ಣನ ಕಿವಿಗೆ ಎಲ್ಲವೂ ಬರೀ “ಬಟನ್, ಬಟನ್.” ನಾನು ಪಕ್ಕದಲ್ಲಿ ಕುಳಿತು ಯಾವುದು ಏನೆಂದು ಹೇಳುತ್ತ ಹೋದೆ. ಕೆಲವು ವಾರ ಹಾಗೇ ನಡೆಯಿತು. ಒಂದು ಮಧ್ಯಾಹ್ನ ಅವನು ಇಯರ್‌ಫೋನ್ ತೆಗೆದಿಟ್ಟ. “ನಿನ್ ಕಣ್ಣು ಎರವಲು ತಕ್ಕಂಡು ನಾನು ಸಂಬ್ಳ ತಕ್ಕಳದು ಚಂದಲ್ಲ ಕಣವ್ವ.” ಓನರು ಇರಲು ಹೇಳಿದರು, ನಾನೂ ಹೇಳಿದೆ. ಅವನು ಕೆಲಸ ಬಿಟ್ಟು ಅರಕಲಗೂಡಿನ ಬಸ್ಸು ಹತ್ತಿದ.

ಮನೆಯಲ್ಲಿ ಕುಳಿತು ಆ ತಂತ್ರಾಂಶ ಮಾಡಿದವರಿಗೆ ಬರೆಯತೊಡಗಿದ. ಬೈಗುಳವಲ್ಲ, ದೂರೂ ಅಲ್ಲ; ಯಾವ ಬಟನ್ ಎಲ್ಲಿ ಮೂಕವಾಗಿದೆ, ಅದಕ್ಕೆ ಏನೆಂದು ಹೆಸರಿಡಬಹುದು ಎಂದು ಸಾವಧಾನವಾಗಿ ಬರೆದು ಕಳಿಸುತ್ತಿದ್ದ. ಅವರು ಸರಿಪಡಿಸಿದ್ದು ತಿಂಗಳುಗಳಾದ ಮೇಲೆ. ಲ್ಯಾಪ್‌ಟಾಪ್ ಹೊತ್ತುಕೊಂಡು ನಾನೇ ಅರಕಲಗೂಡಿಗೆ ಹೋದೆ. ಬಿಸಿಲು ಇಳಿಯುತ್ತಿತ್ತು. ನಂಜುಂಡಣ್ಣ ಒಂದೊಂದೇ ಕೀಲಿ ಒತ್ತುತ್ತ ಹೋದ; ಬಟನ್‌ಗಳು ಕನ್ನಡದಲ್ಲಿ ತಮ್ಮ ತಮ್ಮ ಹೆಸರು ಹೇಳಿದವು: ತೆರೆ, ಸೇರಿಸು, ಅಳಿಸು. ಅವನ ತುಟಿಯೂ ಜೊತೆಯಲ್ಲೇ ಆಡುತ್ತಿತ್ತು. ಒಂದು ಕಡೆ ಬಂದು ತಡೆದ.

“ಇದೊಂದು ಮೂಗನಂಗೇ ಉಳ್ಕಂಡದೆ. ಈ ಸಲ ನೀನು ಬರಿಯವ್ವ.”

ಬರೆದೆ. ಅದೇ ನಮ್ಮ ಕೊನೆಯ ಭೇಟಿ. ಆಷಾಢದ ಒಂದು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲವೆಂದು ಜಯಕ್ಕ ಫೋನ್ ಮಾಡಿದರು.

ಮುಂದಿನ ಆವೃತ್ತಿ ಬಂದಾಗ ಆ ಬಟನ್‌ಗೂ ಮಾತು ಬಂದಿತ್ತು. ಯಾರಿಗೆ ಹೇಳುವುದೆಂದು ತೋಚದೆ ಜಯಕ್ಕನಿಗೇ ಫೋನ್ ಮಾಡಿದೆ. ಅವರು, “ಅದೇನನ್ನುತ್ತೋ ಕೇಳ್ಸಮ್ಮ” ಎಂದರು. ಫೋನನ್ನು ಲ್ಯಾಪ್‌ಟಾಪಿನ ಹತ್ತಿರ ಹಿಡಿದು ಕೀಲಿ ಒತ್ತಿದೆ.

“ಉಳಿಸು” ಎಂದಿತು ಯಂತ್ರ.

ಆ ಕಡೆಯಿಂದ ಜಯಕ್ಕ ಮೆಲ್ಲಗೆ ಕೇಳಿದರು:

“ಇನ್ನೊಂದ್ಸಲ.”